ಮಟ್ಕಾ ಕೇಸುಗಳ ಮೇಲೆ ಕಿರುಪ್ರಬಂಧ: ಮರ್ಟನ್ ಹಿಡಿಯಬೇಕೋ, ಬೆಕರ್ ಹಿಡಿಯಬೇಕೋ?

ಕುಷ್ಟಗಿ_ಓದು

ಎಲ್ಲರಿಗೂ ನಮಸ್ಕಾರ್ರಿ. ಎಂ.ಎ. ಸಮಾಜಶಾಸ್ತ್ರದ ಕೊನೆಯ ಸೆಮಿಸ್ಟರ್ ಕಿರುಪ್ರಬಂಧಕ್ಕೆ ವಿಷಯ ಒಪ್ಪಿಗೆಯಾಗಿದೆ: ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನ ಮಟ್ಕಾ (ನಂಬರಿನ ಮೇಲೆ ಹಣ ಹಚ್ಚುವ ಜೂಜು) ಪ್ರಕರಣಗಳು. ಅರವತ್ತು ಪುಟ, ಮೂರು ತಿಂಗಳ ಸಮಯ. ಸಿದ್ಧಾಂತದ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಂಡಿದೆ.

ಪಠ್ಯದಲ್ಲಿ ವಿಚಲನೆಗೆ (ಸಮಾಜದ ನಿಯಮ ಮೀರಿ ನಡೆಯುವುದಕ್ಕೆ) ಕೊಟ್ಟಿರುವ ವಿವರಣೆಗಳು ಸಾಲಾಗಿ ಇವೆ: ಡರ್ಕ್‌ಹೈಮ್, ಮರ್ಟನ್, ಸದರ್‌ಲ್ಯಾಂಡ್, ಹಿರ್ಶಿ, ಬೆಕರ್. ಒಬ್ಬೊಬ್ಬರನ್ನೂ ಎರಡೆರಡು ಪುಟ ಬರೆದು, ಕೊನೆಗೆ “ಈ ಎಲ್ಲ ಸಿದ್ಧಾಂತಗಳೂ ನಮ್ಮ ಅಧ್ಯಯನಕ್ಕೆ ಅನ್ವಯಿಸುತ್ತವೆ” ಎಂದು ಮುಗಿಸುವ ಪ್ರಬಂಧಗಳೇ ಗ್ರಂಥಾಲಯದಲ್ಲಿ ಹೆಚ್ಚು. ಹಾಗೆ ಮಾಡುವ ಮನಸ್ಸಿಲ್ಲ. ಬಡತನ, ಮಳೆ ಕೈಕೊಡುವುದು, ಗುಳೆ ಇವನ್ನೆಲ್ಲ ನೋಡಿದರೆ ಮರ್ಟನ್ ಸರಿ ಅನ್ನಿಸುತ್ತದೆ. ಆದರೆ ಪೊಲೀಸರು ಯಾರನ್ನು ಹಿಡಿಯುತ್ತಾರೆ, ಯಾರನ್ನು ಬಿಡುತ್ತಾರೆ ಎಂದು ನೋಡಿದರೆ ಬೆಕರ್ ಸರಿ ಅನ್ನಿಸುತ್ತದೆ.

ಮೂರು ವಿಷಯಕ್ಕೆ ಸಹಾಯ ಬೇಕು. ಯಾವ ಸಿದ್ಧಾಂತ ಹಿಡಿಯಬೇಕು, ಯಾಕೆ? ಮಾಹಿತಿ ಎಲ್ಲಿಂದ, ಎಷ್ಟು ತೆಗೆಯಬೇಕು? ಶಿಕ್ಷೆಯ ಬಗ್ಗೆ ಒಂದು ಅಧ್ಯಾಯ ಇರಲೇಬೇಕು ಎಂದಿದ್ದಾರೆ. ಇನ್ನೂರು ಮುನ್ನೂರು ರೂಪಾಯಿ ದಂಡದ ಕೇಸಿನಲ್ಲಿ ಶಿಕ್ಷೆಯ ಬಗ್ಗೆ ಏನು ಬರೆಯುವುದು?

ರಾಯಚೂರು ಸಮಾಜಶಾಸ್ತ್ರ

ಸಿದ್ಧಾಂತ ಆಮೇಲೆ ನೋಡೋಣ್ರಿ, ಮೊದಲು ಪ್ರಶ್ನೆ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ. ಮರ್ಟನ್ ಉತ್ತರಿಸುವ ಪ್ರಶ್ನೆ “ಜನ ನಿಯಮ ಯಾಕೆ ಮೀರುತ್ತಾರೆ?” ಬೆಕರ್ ಉತ್ತರಿಸುವುದು “ಈ ಕೆಲಸವನ್ನು ನಿಯಮ ಮೀರಿದ್ದು ಎಂದು ಯಾರು, ಯಾವಾಗ, ಯಾರ ಮೇಲೆ ಹೇಳುತ್ತಾರೆ?” ಇವೆರಡೂ ಒಂದೇ ಪ್ರಶ್ನೆಗೆ ಎರಡು ಉತ್ತರ ಅಲ್ಲ. ಹೀಗಾಗಿ “ಎರಡೂ ಸರಿ” ಅನ್ನಿಸುವುದು ಸಹಜ. ಆದರೆ ಕೈಯಲ್ಲಿರುವ ಮಾಹಿತಿ ಒಂದಕ್ಕೆ ಮಾತ್ರ ಉತ್ತರ ಕೊಡುತ್ತದೆ. ನಿಮ್ಮ ಮಾಹಿತಿ ಠಾಣೆಯ ಕೇಸುಗಳು. ಆ ಕೇಸುಗಳು ಯಾರು ಆಡಿದರು ಎಂದು ಹೇಳುವುದಿಲ್ಲ, ಯಾರು ಸಿಕ್ಕರು ಎಂದಷ್ಟೇ ಹೇಳುತ್ತವೆ.

ಮರ್ಟನ್ 1938ರಲ್ಲಿ ಹೇಳಿದ್ದು ಇಷ್ಟು: ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ, ಆ ಗುರಿ ಮುಟ್ಟುವ ದಾರಿಯನ್ನು ಮಾತ್ರ ಎಲ್ಲರಿಗೂ ಸಮನಾಗಿ ಕೊಡುವುದಿಲ್ಲ. ಆಗ ಜನ ಐದು ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಗುರಿ, ದಾರಿ ಎರಡನ್ನೂ ಒಪ್ಪಿದವನದು ಅನುಸರಣೆ. ಗುರಿ ಒಪ್ಪಿ ಅಡ್ಡದಾರಿ ಹಿಡಿದವನದು ಹೊಸದಾರಿ. ಗುರಿಯ ಆಸೆ ಬಿಟ್ಟು ದಾರಿಯನ್ನಷ್ಟೇ ಹಿಡಿದವನದು ಬರೀ ವಿಧಿಪಾಲನೆ. ಎರಡನ್ನೂ ಬಿಟ್ಟವನದು ವಿಮುಖತೆ. ಎರಡನ್ನೂ ಬಿಟ್ಟು ಬೇರೆಯದನ್ನೇ ಕಟ್ಟಹೊರಟವನದು ಬಂಡಾಯ. ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಮಟ್ಕಾದವರನ್ನೆಲ್ಲ “ಹೊಸದಾರಿ”ಯ ಮನೆಗೆ ತುಂಬುವುದು.

ಮಟ್ಕಾದಲ್ಲಿ ಮೂರು ಬಗೆಯ ಜನ ಇದ್ದಾರೆ ನೋಡಿ. ನಂಬರ್ ಹಚ್ಚುವವ, ಚೀಟಿ ಬರೆಯುವವ, ಬುಕ್ಕಿ. ಹಚ್ಚುವವನಿಗೆ ಅದು ಆಸೆ, ಬರೆಯುವವನಿಗೆ ಕಮಿಷನ್ ಸಿಗುವ ಕೆಲಸ, ಬುಕ್ಕಿಗೆ ವ್ಯಾಪಾರ. ಎಫ್‌ಐಆರ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: “ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುತ್ತೇನೆ ಅಂತ ಕೂಗಿ ಹೇಳುತ್ತಾ...” ಆ ಸಾಲನ್ನೇ ಹಿಡಿದು ಲೆಕ್ಕ ಹಾಕಿ. ಜೋಡಿ ನಂಬರ್ 00ರಿಂದ 99ರವರೆಗೆ ನೂರು. ಗೆಲ್ಲುವ ಸಾಧ್ಯತೆ ನೂರಕ್ಕೆ ಒಂದು, ಗೆದ್ದರೆ ಸಿಗುವುದು ಎಂಬತ್ತು. ಅಂದರೆ ಹಚ್ಚಿದ ಪ್ರತಿ ರೂಪಾಯಿಗೆ ಸರಾಸರಿ ಇಪ್ಪತ್ತು ಪೈಸೆ ಬುಕ್ಕಿಗೆ. ದಿನಕ್ಕೆ 50 ರೂಪಾಯಿಯಂತೆ 300 ದಿನ ಹಚ್ಚಿದವನು 15,000 ಹಾಕಿ, ಸರಾಸರಿ ಲೆಕ್ಕದಲ್ಲಿ 12,000 ವಾಪಸ್ ಪಡೆದು 3,000 ಕಳೆದುಕೊಳ್ಳುತ್ತಾನೆ. ನಿಜದಲ್ಲಿ ಏರಿಳಿತ ಇದಕ್ಕಿಂತ ಬಹಳ ಹೆಚ್ಚು. ಆ ಏರಿಳಿತವೇ ಆಟವನ್ನು ಜೀವಂತ ಇಡುತ್ತದೆ. ಹಣ ಮಾಡುವ ದಾರಿ ಎಂದು ಮರ್ಟನ್ ಹೇಳಬಹುದಾದದ್ದು ಬುಕ್ಕಿಗೆ ಮಾತ್ರ ಪೂರ್ತಿ ಹೊಂದುತ್ತದೆ, ಕೇಸಿನಲ್ಲಿ ಸಿಗುವವನು ಬಹುಪಾಲು ಬರೆಯುವವ. ಸಿದ್ಧಾಂತದ ಮನುಷ್ಯ ಒಬ್ಬ, ಮಾಹಿತಿಯ ಮನುಷ್ಯ ಇನ್ನೊಬ್ಬ!

ಬರೆಯುವವನಿಗೆ ಮರ್ಟನ್‌ಗಿಂತ ಸದರ್‌ಲ್ಯಾಂಡ್ ಹತ್ತಿರ. 1947ರಲ್ಲಿ ಅವರು ಒಂಬತ್ತು ಅಂಶಗಳಲ್ಲಿ ಇಟ್ಟ ಮಾತಿನ ತಿರುಳು: ಅಪರಾಧ ರಕ್ತದಲ್ಲಿ ಬರುವುದಿಲ್ಲ, ಆಪ್ತರ ಗುಂಪಿನಲ್ಲಿ ಕಲಿತದ್ದು. ಕಲಿಯುವುದು ಎರಡು: ಕೈಚಳಕ ಮತ್ತು ಸಮರ್ಥನೆ. ಓಪನ್ (ಮೊದಲ ಅಂಕಿ), ಕ್ಲೋಸ್ (ಎರಡನೇ ಅಂಕಿ), ಜೋಡಿ (ಎರಡೂ ಸೇರಿ) ಎಂದು ಚೀಟಿಯಲ್ಲಿ ಹೇಗೆ ಬರೆಯಬೇಕು, ಹಣ ಯಾವ ಹೊತ್ತಿಗೆ ಮುಟ್ಟಿಸಬೇಕು, ದಾಳಿ ಬಂದರೆ ಚೀಟಿ ಏನು ಮಾಡಬೇಕು, ಇದು ಕೈಚಳಕ. “ಯಾರಿಗೂ ಮೋಸ ಇಲ್ಲ, ಅವರೇ ಬಂದು ಹಚ್ಚತಾರ” ಎನ್ನುವುದು ಸಮರ್ಥನೆ. ಸಂದರ್ಶನದಲ್ಲಿ ಈ ಎರಡನ್ನೂ ಬೇರೆ ಬೇರೆ ಕೇಳಿ: ಯಾರಿಂದ ಕಲಿತದ್ದು, ಎಷ್ಟು ದಿನ ಜತೆಗಿದ್ದು ಕಲಿತದ್ದು, ಅದಕ್ಕೂ ಮುಂಚೆ ಏನು ಕೆಲಸ.

ಇನ್ನು ಬೆಕರ್ ವಾದಕ್ಕೆ ನಮ್ಮ ರಾಜ್ಯದಲ್ಲೇ ಇರುವ ಒಳ್ಳೆಯ ಉದಾಹರಣೆ 2007. ಆ ವರ್ಷ ಕರ್ನಾಟಕದಲ್ಲಿ ಲಾಟರಿ ಮಾರಾಟ ನಿಂತಿತು. ಅದೇ ವರ್ಷ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಜೂನ್ 30ರಂದು ಗುತ್ತಿಗೆದಾರನ ಅಂಗಡಿಯಲ್ಲಿ ಸಾರಾಯಿ ಪ್ಯಾಕೆಟ್ ಮಾರುತ್ತಿದ್ದವನಿಂದ ಸರ್ಕಾರಕ್ಕೆ ಆದಾಯ, ಮರುದಿನ ಅದೇ ಪ್ಯಾಕೆಟ್ ಮಾರಿದರೆ ಕೇಸು. ಮನುಷ್ಯ ಬದಲಾಗಲಿಲ್ಲ, ನಿಯಮ ಬದಲಾಯಿತು. ನಂಬರಿನ ಮೇಲೆ ದುಡ್ಡು ಹಾಕುವುದು ಪಕ್ಕದ ಕೇರಳದಲ್ಲಿ ಇವತ್ತಿಗೂ ಸರ್ಕಾರವೇ ನಡೆಸುವ ಲಾಟರಿ. ವಿಚಲನೆ ಕೆಲಸದೊಳಗೆ ಇರುವ ಗುಣ ಅಲ್ಲ, ನಿಯಮ ಮಾಡುವವರು ಮತ್ತು ಜಾರಿ ಮಾಡುವವರು ಅದಕ್ಕೆ ಅಂಟಿಸುವ ಹಣೆಪಟ್ಟಿ ಎಂದು ಬೆಕರ್ 1963ರಲ್ಲಿ ವಾದಿಸಿದ್ದು ಇದನ್ನೇ. ಆದರೆ ಒಂದು ಎಚ್ಚರ ಇರಲಿ: ಮಟ್ಕಾಕ್ಕೆ ಒಪ್ಪುವ ಈ ವಾದವನ್ನು ಕೊಲೆಗೂ ಅಷ್ಟೇ ಸಲೀಸಾಗಿ ಎಳೆದರೆ ಪರೀಕ್ಷಕರು ಅಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕು.

ಹಿರ್ಶಿಯನ್ನು ಒಂದು ಪ್ಯಾರಾದಲ್ಲಿ ಮುಗಿಸಿ. ಅವರ 1969ರ ಪ್ರಶ್ನೆ ತಿರುಗುಮುರುಗು: “ಬಹುತೇಕ ಜನ ಯಾಕೆ ಅಡ್ಡದಾರಿ ಹಿಡಿಯುವುದಿಲ್ಲ?” ನಂಟು, ಬದ್ಧತೆ, ತೊಡಗುವಿಕೆ, ನಂಬಿಕೆ ಎಂಬ ನಾಲ್ಕು ಕಟ್ಟುಗಳು ಹಿಡಿದಿಡುತ್ತವೆ ಎನ್ನುವುದು ಉತ್ತರ. ಅದನ್ನು ಪರೀಕ್ಷಿಸಲು ಮಟ್ಕಾ ಆಡದವರ ಗುಂಪೂ ಬೇಕು, ಮೂರು ತಿಂಗಳಲ್ಲಿ ಆಗುವ ಕೆಲಸವಲ್ಲ.

ಕೋರ್ಟ್ ಕಾಗದ

ಮಾಹಿತಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಕೆಡುವುದು ಅಲ್ಲೇ.

ಮೊದಲು ಎಫ್‌ಐಆರ್. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕು ಎಂದು ಆದೇಶಿಸಿದೆ. ರಾಜ್ಯ ಪೊಲೀಸ್ ತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಕೊಟ್ಟು ಹುಡುಕಿ. ಮಟ್ಕಾ ಕೇಸು ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78(3). ಇಸ್ಪೀಟು ಸಾರ್ವಜನಿಕ ಜಾಗದಲ್ಲಾದರೆ ಕಲಂ 87, ಮನೆ ಅಥವಾ ಕ್ಲಬ್ಬಾದರೆ 79 ಮತ್ತು 80. ಇವನ್ನು ಕಲಸಬೇಡಿ.

ಒಂದು ಮಟ್ಕಾ ಎಫ್‌ಐಆರ್ ತೆರೆದು ನಿಧಾನವಾಗಿ ಓದಿ. ಫಿರ್ಯಾದಿ ಯಾರು? “ಸರ್ಕಾರಿ ತರ್ಫೆ”, ಅಂದರೆ ಪಿಎಸ್‌ಐ ಅಥವಾ ಸಿಬ್ಬಂದಿಯೇ. ಕಳ್ಳತನವಾದರೆ ವಸ್ತು ಕಳೆದುಕೊಂಡವನು ಬಂದು ದೂರು ಕೊಡುತ್ತಾನೆ. ಮಟ್ಕಾದಲ್ಲಿ ಯಾರೂ ಬಂದು ದೂರು ಕೊಡುವುದಿಲ್ಲ. ಪೊಲೀಸರು ಹೋದರೆ ಕೇಸು, ಹೋಗದಿದ್ದರೆ ಇಲ್ಲ. ಜಪ್ತಿಯ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ನಗದು ಹಣ ಇಷ್ಟು, ಮಟ್ಕಾ ನಂಬರ್ ಬರೆದ ಒಂದು ಚೀಟಿ, ಒಂದು ಬಾಲ್‌ಪೆನ್. ಆರೋಪಿಯ ಹೆಸರಿನ ಮುಂದೆ “ವಯ”, “ಜಾ”, “ಉ”, “ಸಾ” ಎಂದು ಚುಟುಕು ಅಕ್ಷರಗಳು: ವಯಸ್ಸು, ಜಾತಿ, ಉದ್ಯೋಗ, ಸಾಕಿನ್ (ವಾಸದ ಊರು). ಉದ್ಯೋಗದ ಜಾಗದಲ್ಲಿ ಕೂಲಿ, ಒಕ್ಕಲುತನ, ಪಾನ್‌ಶಾಪ್ ಇಂಥವು.

ಹೀಗಾಗಿ ಮಟ್ಕಾ ಕೇಸಿನ ಸಂಖ್ಯೆ ಅಂದರೆ ದಾಳಿಯ ಸಂಖ್ಯೆ. “ಮಟ್ಕಾ ಹೆಚ್ಚಾಗಿದೆ” ಎಂದು ಬರೆಯುವ ಜಾಗದಲ್ಲೆಲ್ಲ “ದಾಳಿ ಹೆಚ್ಚಾಗಿದೆ” ಎಂದು ಬರೆದು ಓದಿ ನೋಡಿ, ವಾಕ್ಯ ನಿಂತರೆ ಅದನ್ನೇ ಇಟ್ಟುಕೊಳ್ಳಿ.

ಒಂದು ಠಾಣೆ, ಮೂರು ವರ್ಷ, 100ರಿಂದ 150 ಎಫ್‌ಐಆರ್ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಕ್ರಮಸಂಖ್ಯೆಯಲ್ಲಿ ಪ್ರತಿ ಮೂರನೆಯದನ್ನು ತೆಗೆಯಿರಿ, ಮನಸ್ಸಿಗೆ ಬಂದದ್ದನ್ನು ಆರಿಸಬೇಡಿ. ಒಂದೊಂದಕ್ಕೂ ಒಂದು ಸಾಲು: ಅಪರಾಧ ಸಂಖ್ಯೆ, ತಾರೀಕು, ವಾರ, ದಾಳಿಯ ಹೊತ್ತು, ಜಾಗದ ಬಗೆ, ಆರೋಪಿಗಳೆಷ್ಟು, ವಯಸ್ಸು, ಉದ್ಯೋಗ, ಜಪ್ತಿ ಹಣ, ಬುಕ್ಕಿಯ ಹೆಸರು ಬಂದಿದೆಯೇ ಇಲ್ಲವೇ, ಬಂದಿದ್ದರೆ ದೋಷಾರೋಪ ಪಟ್ಟಿಯಲ್ಲೂ ಉಳಿದಿದೆಯೇ. ಕೊನೆಯ ಎರಡು ಕಾಲಂ ಬಿಡಬೇಡಿ. ಆಮೇಲೆ ಇ-ಕೋರ್ಟ್ ತಾಣದಲ್ಲಿ ಠಾಣೆ ಮತ್ತು ಅಪರಾಧ ಸಂಖ್ಯೆ ಹಾಕಿ ಕೇಸು ಏನಾಯಿತು ನೋಡಿ: ತಪ್ಪೊಪ್ಪಿ ದಂಡ, ಬಿಡುಗಡೆ, ಬಾಕಿ. ದಾಖಲಾದ ದಿನದಿಂದ ತೀರ್ಮಾನದ ದಿನಕ್ಕೆ ಎಷ್ಟು ದಿನ ಎಂದು ಎಣಿಸಿ. ಸರಾಸರಿಯ ಬದಲು ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವಿನ ಸಂಖ್ಯೆ) ಕೊಡಿ, ಎರಡು ಹಳೇ ಕೇಸು ಸಾಕು ಸರಾಸರಿ ಕೆಡಿಸಲು.

ಸಿಗದ ಮಾಹಿತಿಗೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಹಚ್ಚಬಹುದು. 30 ದಿನದಲ್ಲಿ ಉತ್ತರ ಬರಬೇಕು. “ಮಟ್ಕಾ ಬಗ್ಗೆ ಎಲ್ಲ ಮಾಹಿತಿ ಕೊಡಿ” ಎಂದರೆ ತಿರಸ್ಕಾರ ಖಚಿತ. “ಇಂಥ ಠಾಣೆಯಲ್ಲಿ ಇಂಥ ಮೂರು ವರ್ಷ ಕಲಂ 78(3)ರಡಿ ತಿಂಗಳುವಾರು ದಾಖಲಾದ ಪ್ರಕರಣಗಳ ಸಂಖ್ಯೆ” ಎಂದು ಕೇಳಿ. ಮೂರು ತಿಂಗಳ ಪ್ರಬಂಧಕ್ಕೆ ಮೊದಲ ವಾರದಲ್ಲೇ ಅರ್ಜಿ ಹೋಗಬೇಕು.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಬೀಳುವ ಗುಂಡಿಗಳು ಇವು. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಜಿಲ್ಲಾ ಅಂಕಿ ನಿಮಗೆ ಉಪಯೋಗವಿಲ್ಲ. ಬಳ್ಳಾರಿಯಿಂದ 2021ರಲ್ಲಿ ವಿಜಯನಗರ ಜಿಲ್ಲೆ ಹೊರಟಿತು, ಹೊಸಪೇಟೆ ಸೇರಿ ಆರು ತಾಲ್ಲೂಕು ಹೋದವು. ಬಳ್ಳಾರಿಯ ಅಂಕಿ ಆಮೇಲೆ ಇಳಿದಂತೆ ಕಂಡರೆ ಅದು ಅಪರಾಧ ಇಳಿದದ್ದಲ್ಲ, ಜಿಲ್ಲೆ ಸಣ್ಣದಾದದ್ದು. ಪೊಲೀಸ್ ಕಾಯ್ದೆಗೆ 2021ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ಬಂತು, ಆನ್‌ಲೈನ್ ಆಟಕ್ಕೆ ಸಂಬಂಧಿಸಿದ ಭಾಗಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದು ಮಾಡಿತು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕಳ್ಳತನದ 379 ಈಗ 303(2). ಹಳೆ ಕಲಂ ಹಾಕಿ ಹುಡುಕಿ “ಕಳ್ಳತನವೇ ನಿಂತಿದೆ” ಎಂದು ಬರೆದುಬಿಡಬೇಡಿ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅಂಕಿ ಬಳಸುವುದಾದರೆ ಒಂದು ವಿಷಯ: ಒಂದು ಎಫ್‌ಐಆರ್‌ನಲ್ಲಿ ಹಲವು ಕಲಂ ಇದ್ದರೆ ಅವರು ಎಣಿಸುವುದು ಅತಿ ಗಂಭೀರವಾದ ಒಂದನ್ನು ಮಾತ್ರ. ಕೊಲೆಯೊಂದಿಗೆ ಸುಲಿಗೆ ಇದ್ದರೆ ಪಟ್ಟಿಯಲ್ಲಿ ಕೊಲೆಯಷ್ಟೇ ಕಾಣುತ್ತದೆ.

ಕುಷ್ಟಗಿ_ಓದು

ಬಹಳ ಉಪಕಾರ ಆಯ್ತು ಸರ್. “ಸರ್ಕಾರಿ ತರ್ಫೆ” ಎಂಬುದು ಈಗಾಗಲೇ ತೆಗೆದ ಪ್ರತಿಗಳಲ್ಲಿ ಎಲ್ಲೆಲ್ಲೂ ಇದೆ, ಅದರ ಅರ್ಥ ಇಷ್ಟು ದೊಡ್ಡದು ಎಂದು ಹೊಳೆದಿರಲಿಲ್ಲ. ಹಾಗಾದರೆ ಮರ್ಟನ್‌ನನ್ನು ಪೂರ್ತಿ ಬಿಡಬೇಕೇ? “ಜಾ” ಕಾಲಂ ಇರುವುದರಿಂದ ಜಾತಿವಾರು ಕೋಷ್ಟಕ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ, ಅದು ಸರಿಯೇ?

ಹಗರಿ ದಂಡೆ

ಜಾತಿವಾರು ಕೋಷ್ಟಕ ದಯವಿಟ್ಟು ಬೇಡ್ರಿ. ಇದನ್ನು ಒತ್ತಿ ಹೇಳಲು ಕಾರಣ ಇದೆ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಎಂದು ಪಟ್ಟಿ ಮಾಡಿತು. ಮದ್ರಾಸ್ ಪ್ರಾಂತ್ಯದಲ್ಲಿ ಇದು ಜೋರಾದದ್ದು 1911ರ ಕಾಯ್ದೆಯಿಂದ. ಬಳ್ಳಾರಿ 1953ರವರೆಗೆ ಆ ಪ್ರಾಂತ್ಯದಲ್ಲೇ ಇತ್ತು. ಪಟ್ಟಿಗೆ ಸೇರಿದವರ ಹೆಸರು, ಬೆರಳಚ್ಚು ಠಾಣೆಯಲ್ಲಿ. ಹೇಳಿದ ಹೊತ್ತಿಗೆ ಹಾಜರಿ. ಊರು ಬಿಟ್ಟು ಹೋಗಲು ಚೀಟಿ. ಒಬ್ಬನು ಏನಾದರೂ ಮಾಡಿದ್ದಾನೆಯೇ ಎಂದು ಕೇಳುವ ಗೋಜೇ ಇಲ್ಲ. ಹಾಜರಿ ತಪ್ಪಿದರೆ ಅದೇ ಅಪರಾಧ. ಹೀಗೆ ಕಾಯ್ದೆಯೇ ಅಪರಾಧ ಹುಟ್ಟಿಸಿ, ಆ ಅಪರಾಧವನ್ನು ತೋರಿಸಿ ಕಾಯ್ದೆಯನ್ನು ಸಮರ್ಥಿಸಿತು. 1952ರಲ್ಲಿ ಕಾಯ್ದೆ ರದ್ದಾಯಿತು, ಆ ಸಮುದಾಯಗಳು “ವಿಮುಕ್ತ” ಎನಿಸಿಕೊಂಡವು. ಆದರೆ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿದ ತೀರ್ಪಿನಲ್ಲಿ ವಿಮುಕ್ತ ಸಮುದಾಯಗಳ ಮೇಲಿನ ಈ ಹಳೇ ಗುಮಾನಿಯನ್ನೂ ಎತ್ತಿ ಮಾತಾಡಿದೆ.

ಈಗ ನಿಮ್ಮ ಕೋಷ್ಟಕಕ್ಕೆ ಬನ್ನಿ. ಕೇಸೆಂದರೆ ದಾಳಿ ಎಂದು ಮೇಲೆ ಹೇಳಿಯಾಗಿದೆ. ಹಾಗಿದ್ದಾಗ ಜಾತಿವಾರು ಕೇಸು ಎಣಿಸಿದರೆ ಸಿಗುವುದು ಯಾವ ಓಣಿಗೆ ಜೀಪು ಹೆಚ್ಚು ಹೋಗುತ್ತದೆ ಎಂಬುದು. ಓದುವವನು ಅದನ್ನು “ಇವರೇ ಹೆಚ್ಚು ಮಾಡುತ್ತಾರೆ” ಎಂದು ಓದುತ್ತಾನೆ. 1871ರಲ್ಲಿ ಮಾಡಿದ ತಪ್ಪನ್ನೇ ಶೇಕಡಾವಾರು ರೂಪದಲ್ಲಿ ಮತ್ತೆ ಮಾಡಿದಂತೆ. ಬದಲಿಗೆ ದಾಳಿಯ ಜಾಗ ಎಣಿಸಿ: ಬಸ್ ನಿಲ್ದಾಣದ ಹತ್ತಿರ, ಪಾನ್‌ಶಾಪ್ ಮುಂದೆ, ಗುಡಿ ಕಟ್ಟೆ, ಮನೆಯೊಳಗೆ. ಬಯಲಲ್ಲಿ ಕೂತು ಬರೆಯುವವನು ಸಿಗುತ್ತಾನೆ, ಫೋನಿನಲ್ಲಿ ನಂಬರ್ ತಗೊಳ್ಳುವವನು ಸಿಗುವುದು ಕಷ್ಟ. ಸಿಕ್ಕಿಬೀಳುವುದಕ್ಕೂ ಬಡತನಕ್ಕೂ ಇರುವ ನಂಟು ಬಹುಮಟ್ಟಿಗೆ ಇಲ್ಲಿದೆ.

ಸಮಾಜಶಾಸ್ತ್ರಜ್ಞ ಲೆಮರ್ಟ್ 1951ರಲ್ಲಿ ಮಾಡಿದ ವಿಂಗಡಣೆಯನ್ನೂ ಸೇರಿಸಿಕೊಳ್ಳಿ. ಮೊದಲ ಸಲ ತಪ್ಪಿ ನಡೆದದ್ದು ಪ್ರಾಥಮಿಕ ವಿಚಲನೆ. ಹಣೆಪಟ್ಟಿ ಬಿದ್ದ ಮೇಲೆ ಮನುಷ್ಯ ಆ ಹೆಸರಿಗೆ ತಕ್ಕಂತೆ ಬದುಕು ಕಟ್ಟಿಕೊಳ್ಳುವುದು ದ್ವಿತೀಯಕ. ನಮ್ಮಲ್ಲಿ ಆ ಹಣೆಪಟ್ಟಿಯ ಕಾಗದ ರೂಪವೇ ಇದೆ, ರೌಡಿ ಶೀಟ್. ಪೊಲೀಸ್ ಕೈಪಿಡಿಯ 1059ನೇ ಆದೇಶದಡಿ ತೆರೆಯುತ್ತಾರೆ. ಅದು ಕೋರ್ಟು ಕೊಟ್ಟ ಶಿಕ್ಷೆಯಲ್ಲ, ಠಾಣೆಯ ದಾಖಲೆ. ಆದರೂ ಹಬ್ಬ, ಚುನಾವಣೆ ಬಂದಾಗ ಠಾಣೆಗೆ ಕರೆ, ಪರೇಡ್, ಭದ್ರತಾ ಕಲಂನಡಿ ಮುಚ್ಚಳಿಕೆ. ಹಳೆ ದಂಡ ಪ್ರಕ್ರಿಯಾ ಸಂಹಿತೆಯ 107 ಮತ್ತು 110 ಈಗ ನಾಗರಿಕ ಸುರಕ್ಷಾ ಸಂಹಿತೆಯ 126 ಮತ್ತು 129. ನಿಮ್ಮ ಮಾದರಿಯಲ್ಲಿ ಎರಡನೇ, ಮೂರನೇ ಸಲ ಬಂದ ಹೆಸರುಗಳಿದ್ದರೆ, ಮೊದಲ ಕೇಸಿನ ನಂತರ ಅವರ “ಉದ್ಯೋಗ” ಕಾಲಂನಲ್ಲಿ ಏನು ಬದಲಾಗಿದೆ ನೋಡಿ. ಕೂಲಿ ಎಂದಿದ್ದದ್ದು “ಮಟ್ಕಾ ಬರೆಯುವುದು” ಎಂದಾಗಿದ್ದರೆ ಲೆಮರ್ಟ್ ಹೇಳಿದ್ದು ಠಾಣೆಯ ಬರಹದಲ್ಲೇ ಸಿಕ್ಕಂತಾಯಿತು.

ಪ್ರಬಂಧದಲ್ಲಿ ಆರೋಪಿಗಳ ಹೆಸರು, ಓಣಿ, ಅಪರಾಧ ಸಂಖ್ಯೆ ಯಾವುದೂ ಬೇಡ. ಎಫ್‌ಐಆರ್ ಸಾರ್ವಜನಿಕ ಕಾಗದವೇ ಇರಬಹುದು, ಸಣ್ಣ ಊರಿನಲ್ಲಿ ವಯಸ್ಸು ಮತ್ತು ಉದ್ಯೋಗ ಎರಡೇ ಸಾಕು ಯಾರೆಂದು ಗೊತ್ತಾಗಲು.

ಸಂಡೂರು ಸೀಮೆ

ಶಿಕ್ಷೆಯ ಅಧ್ಯಾಯಕ್ಕೆ ಮಟ್ಕಾ ದಂಡವೊಂದನ್ನೇ ಇಟ್ಟುಕೊಂಡರೆ ಬಡವಾಗುತ್ತದೆ. ಪಕ್ಕದಲ್ಲಿ ಬೇರೆ ಬಗೆಯ ಶಿಕ್ಷೆ ಇಟ್ಟು ಹೋಲಿಸಿ, ನಮ್ಮ ಸುತ್ತಲ ಜಿಲ್ಲೆಗಳಲ್ಲೇ ಬೇಕಾದಷ್ಟಿದೆ.

ಡರ್ಕ್‌ಹೈಮ್ 1893ರಲ್ಲಿ ಎರಡು ಬಗೆಯ ಕಾನೂನು ಎಂದರು. ಒಂದು, ತಪ್ಪು ಮಾಡಿದವನಿಗೆ ನೋವು ಕೊಡುವುದು, ದಮನದ ಕಾನೂನು. ಇನ್ನೊಂದು, ಕೆಟ್ಟದ್ದನ್ನು ಮೊದಲಿನಂತೆ ಮಾಡಿಸುವುದು, ಪರಿಹಾರದ ಕಾನೂನು. ಬಳ್ಳಾರಿಯ ಅಕ್ರಮ ಗಣಿ ಪ್ರಕರಣದಲ್ಲಿ ಈ ಎರಡನೆಯದು ಅಂಗೈ ಮೇಲಿಟ್ಟಂತೆ ಕಾಣುತ್ತದೆ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗುತ್ತಿಗೆಗಳನ್ನು ಅಳೆದು ಎ, ಬಿ, ಸಿ ಎಂದು ವಿಂಗಡಿಸಿದರು. ಗುತ್ತಿಗೆಯ ಗಡಿ ದಾಟಿ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ರವರೆಗೆ, ಗಡಿ ದಾಟಿ ಸುರಿದ ಮಣ್ಣಿನ ರಾಶಿ ಶೇ 15ರವರೆಗೆ ಇದ್ದರೆ “ಬಿ”. ಅದಕ್ಕೂ ಮೀರಿದರೆ “ಸಿ”. 2013ರ ಏಪ್ರಿಲ್ 18ರ ತೀರ್ಪಿನಲ್ಲಿ “ಸಿ” ಗುತ್ತಿಗೆಗಳು ರದ್ದಾದವು. “ಬಿ”ಯವರು ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಮಣ್ಣಿನ ರಾಶಿಗೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಿ, ಭೂಮಿ ಸರಿಪಡಿಸುವ ಯೋಜನೆ ಒಪ್ಪಿ ಮತ್ತೆ ಶುರು ಮಾಡಬಹುದಿತ್ತು.

ಲೆಕ್ಕ ಹಾಕಿ ನೋಡಿ. 20 ಹೆಕ್ಟೇರ್ ಗುತ್ತಿಗೆ, ಹೊರಗೆ ತೋಡಿದ್ದು 1.8 ಹೆಕ್ಟೇರ್, ಅಂದರೆ ಶೇ 9. ಮಣ್ಣು ಸುರಿದದ್ದು 2.5 ಹೆಕ್ಟೇರ್, ಶೇ 12.5. ಎರಡೂ ಮಿತಿಯೊಳಗೆ. ಗುಂಡಿಗೆ 9 ಕೋಟಿ, ರಾಶಿಗೆ 2.5 ಕೋಟಿ ಕಟ್ಟಿದರೆ ಗಣಿ ಉಳಿಯುತ್ತದೆ. ಅದೇ ಗುಂಡಿ 2.2 ಹೆಕ್ಟೇರ್ ಆಗಿದ್ದರೆ ಶೇ 11, ಗುತ್ತಿಗೆಯೇ ಹೋಯಿತು. ಇದರ ಪಕ್ಕಕ್ಕೆ ತುಂಗಭದ್ರೆಯ ದಂಡೆಯಲ್ಲಿ ಒಂದು ಟ್ರ್ಯಾಕ್ಟರ್ ಮರಳು ತುಂಬಿದವನನ್ನು ಇಡಿ. ಖನಿಜ ಕಾಯ್ದೆಯ ಜತೆಗೆ ಕಳ್ಳತನದ ಕಲಂ ಕೂಡ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಒಬ್ಬನಿಗೆ ಅಳತೆ, ವರ್ಗ, ಪರಿಹಾರ. ಇನ್ನೊಬ್ಬನಿಗೆ “ಕಳ್ಳತನ” ಎಂಬ ಪದ. ಗಣಿಯವರ ಮೇಲೆ ಕ್ರಿಮಿನಲ್ ಕೇಸು ಆಗಲೇ ಇಲ್ಲ ಎಂದು ಬರೆಯಬೇಡಿ, ಅವು ಪ್ರತ್ಯೇಕವಾಗಿ ನಡೆದವು. ಹೇಳಬೇಕಾದ್ದು ಹಣೆಪಟ್ಟಿಯ ವ್ಯತ್ಯಾಸ. ಸದರ್‌ಲ್ಯಾಂಡ್ 1939ರಲ್ಲಿ ಬಿಳಿ ಕಾಲರಿನ ಅಪರಾಧ ಎಂಬ ಮಾತು ತಂದದ್ದೇ ಇದಕ್ಕೆ: ಗೌರವಸ್ಥರು ತಮ್ಮ ವೃತ್ತಿಯಲ್ಲಿ ಮಾಡುವ ಅಪರಾಧ ಬೇರೆ ಕಚೇರಿಗೆ, ಬೇರೆ ಭಾಷೆಗೆ ಹೋಗುವುದರಿಂದ ಅಪರಾಧದ ಪಟ್ಟಿಯಲ್ಲಿ ಕಾಣುವುದಿಲ್ಲ.

ಎರಡನೆಯದು ನಿಮ್ಮ ಜಿಲ್ಲೆಯದೇ, ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28ರಂದು ದಲಿತರ ಮನೆಗಳಿಗೆ ಬೆಂಕಿ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಒಂದೇ ಘಟನೆಗೆ ಯಾಕೆ ಎರಡು ಅಳತೆ? 1989ರ ದೌರ್ಜನ್ಯ ತಡೆ ಕಾಯ್ದೆಯ 3(2)(4)ನೇ ಕಲಂ ಪ್ರಕಾರ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದವನು ಆ ಜನರ ವಾಸದ ಮನೆಗೆ ಬೆಂಕಿ ಹಚ್ಚಿದರೆ ಜೀವಾವಧಿ. ಆರೋಪಿ ತಾನೇ ಆ ವರ್ಗದವನಾದರೆ ಈ ಕಾಯ್ದೆ ಅವನಿಗೆ ತಗಲುವುದಿಲ್ಲ. ಮೇಲ್ಮನವಿಯಲ್ಲಿ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು.

ಇಲ್ಲಿ ಡರ್ಕ್‌ಹೈಮ್ ಮಾತನ್ನು ಪಾಠ ಒಪ್ಪಿಸಿದಂತೆ ಬರೆದರೆ ಕೆಡುತ್ತದೆ. ಶಿಕ್ಷೆ ಸಮಾಜದ ಸಾಮೂಹಿಕ ಪ್ರಜ್ಞೆಯನ್ನು (ಎಲ್ಲರೂ ಹಂಚಿಕೊಂಡ ಸರಿ ತಪ್ಪಿನ ಭಾವವನ್ನು) ಗಟ್ಟಿ ಮಾಡುತ್ತದೆ ಎಂದು ಅವರು ಹೇಳಿದರು. ಯಾವ ಸಮಾಜದ ಪ್ರಜ್ಞೆ? ಅಸ್ಪೃಶ್ಯತೆ ಇರುವ ಊರಿನಲ್ಲಿ ಊರಿನ ನಿಯಮ ಮುರಿದವನು ಹೋಟೆಲ್ ಒಳಗೆ ಕೂತ, ಕ್ಷೌರದಂಗಡಿಗೆ ಬಂದ ದಲಿತ ಯುವಕ. ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿಯ ಪ್ರಕಾರ ನಿಯಮ ಮುರಿದವನು ಅವನನ್ನು ತಡೆದವನು. ಒಂದೇ ಬಾಗಿಲು, ವಿಚಲನೆ ಒಂದು ಕಡೆ, ಅಪರಾಧ ಇನ್ನೊಂದು ಕಡೆ. ವಿಚಲನೆ ಮತ್ತು ಅಪರಾಧ ಒಂದೇ ಅಲ್ಲ ಎಂದು ತೋರಿಸಲು ಇದಕ್ಕಿಂತ ಸ್ಪಷ್ಟವಾದದ್ದು ಬೇಕಿಲ್ಲ. ಕೋರ್ಟಿನ ಶಿಕ್ಷೆ ಇಲ್ಲಿ ಇರುವ ಒಮ್ಮತವನ್ನು ಗಟ್ಟಿ ಮಾಡುತ್ತಿಲ್ಲ, ಊರು ಇನ್ನೂ ಒಪ್ಪದ ನಿಯಮವನ್ನು ಊರೊಳಗೆ ತರುತ್ತಿದೆ.

ದೇವದಾಸಿ ಪದ್ಧತಿಯೂ ಹೀಗೇ. ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವರಿಗೆ ಅರ್ಪಿಸುವುದು, ಒಂದು ಕಾಲಕ್ಕೆ ಹರಕೆ, ರಾಜ್ಯದ 1982ರ ಕಾಯ್ದೆ ಅದನ್ನು ಅಪರಾಧ ಮಾಡಿತು. ತಂದೆ ತಾಯಿ ಅಥವಾ ಬಂಧುವೇ ಅರ್ಪಿಸಿದರೆ ಆ ಕಾಯ್ದೆಯಲ್ಲಿ ಎರಡರಿಂದ ಐದು ವರ್ಷ ಜೈಲು ಇತ್ತು, ಬೇರೆಯವರಿಗಿಂತ ಹೆಚ್ಚು. ಆದರೆ ಸಾಕ್ಷಿ ಹೇಳಬೇಕಾದವರೂ ಆ ಮನೆಯವರೇ.

ತಡೆಯುವ ಶಕ್ತಿಯ ಬಗ್ಗೆ ಒಂದು ಮಾತು. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಹೇಳಿದಂತೆ ಶಿಕ್ಷೆ ಕಠಿಣವಾಗಿರುವುದಕ್ಕಿಂತ ಖಚಿತವಾಗಿ, ಬೇಗ ಬರುವುದು ಮುಖ್ಯ. ಮರಕುಂಬಿಯಲ್ಲಿ ಘಟನೆಯಿಂದ ಶಿಕ್ಷೆಗೆ ಸುಮಾರು ಹತ್ತು ವರ್ಷ ಎರಡು ತಿಂಗಳು. ಮಟ್ಕಾದಲ್ಲಿ ದಂಡ ಬೇಗ ಬರುತ್ತದೆ, ಆದರೆ ಅದು ಎಷ್ಟು ಎಂದು ಮೊದಲೇ ಗೊತ್ತಿರುವುದರಿಂದ ಬರೆಯುವವನು ಅದನ್ನು ಖರ್ಚಿನ ಬಾಬ್ತಿಗೆ ಸೇರಿಸಿಕೊಳ್ಳಬಹುದು. ನಿಮ್ಮ ಕೋಷ್ಟಕದಲ್ಲಿ ಜಪ್ತಿ ಹಣ ಮತ್ತು ದಂಡದ ಮೊತ್ತ ಪಕ್ಕಪಕ್ಕ ಇಟ್ಟರೆ ಅದು ಶಿಕ್ಷೆಯೋ ಶುಲ್ಕವೋ ಎಂದು ಅಂಕಿಯೇ ಹೇಳುತ್ತದೆ.

ಹೊಸ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ತಂದಿದೆ, ಆರು ಅಪರಾಧಗಳಿಗೆ. ಅವುಗಳಲ್ಲಿ ಒಂದು, ಮೊದಲ ಸಲ ಮಾಡಿದ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳ್ಳತನ, ವಸ್ತು ಅಥವಾ ಬೆಲೆ ಹಿಂತಿರುಗಿಸಿದರೆ. ಮಟ್ಕಾ ಪೊಲೀಸ್ ಕಾಯ್ದೆಯ ಕೇಸಾದ್ದರಿಂದ ಈ ಪಟ್ಟಿಯಲ್ಲಿಲ್ಲ.

ಜೈಲಿನ ಅಂಕಿ ಬೇಕಾದರೆ 2022ರ ಕೊನೆಗೆ ದೇಶದ 5,73,220 ಬಂದಿಗಳಲ್ಲಿ 4,34,302 ಜನ ವಿಚಾರಣಾಧೀನರು, ಶೇ 75.8. ಜೈಲಿನಲ್ಲಿರುವವರು ಎಂದರೆ ಶಿಕ್ಷೆಯಾದವರು ಎಂದು ಬರೆಯಬೇಡಿ. ಬಳ್ಳಾರಿ ಕೇಂದ್ರ ಕಾರಾಗೃಹದಲ್ಲಿ ಸಂದರ್ಶನದ ಯೋಚನೆ ಇದ್ದರೆ ಇಲಾಖೆಯ ಲಿಖಿತ ಅನುಮತಿ ಬೇಕು, ಮೂರು ತಿಂಗಳಲ್ಲಿ ನೆಚ್ಚಿಕೊಳ್ಳಬೇಡಿ.

ರಾಯಚೂರು ಸಮಾಜಶಾಸ್ತ್ರ

ಮರ್ಟನ್‌ನನ್ನು ಬಿಡಬೇಕೇ ಎಂದು ಕೇಳಿದ್ದಿರಿ. ಬಿಡಬೇಡಿ, ಬೆಕರ್ ಎದುರು ನಿಲ್ಲಿಸಿ. ಇಬ್ಬರೂ ಬೇರೆ ಬೇರೆ ಫಲಿತಾಂಶ ನುಡಿಯುವ ಜಾಗ ಹುಡುಕಬೇಕು. ಇಬ್ಬರೂ ಒಂದೇ ಮಾತು ಹೇಳುವ ಕಡೆ ಅಂಕಿ ಎಷ್ಟಿದ್ದರೂ ಏನೂ ತೀರ್ಮಾನವಾಗುವುದಿಲ್ಲ.

ಮರ್ಟನ್ ಸರಿ ಇದ್ದರೆ ಕಷ್ಟದ ತಿಂಗಳುಗಳಲ್ಲಿ ಮಟ್ಕಾ ಏರಬೇಕು: ಮಳೆ ಕೈಕೊಟ್ಟ ವರ್ಷ, ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ. ಹೋಬಳಿವಾರು ಮಳೆಯ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಬೆಕರ್ ಸರಿ ಇದ್ದರೆ ಕೇಸು ಏರಿಳಿಯುವುದು ಠಾಣಾಧಿಕಾರಿ ಬದಲಾದಾಗ, ವಿಶೇಷ ಕಾರ್ಯಾಚರಣೆ ಘೋಷಣೆಯಾದಾಗ, ಚುನಾವಣೆ ಹತ್ತಿರ ಬಂದಾಗ. 36 ತಿಂಗಳನ್ನು ಒಂದು ಗೆರೆಯಲ್ಲಿ ಬರೆದು ಮೇಲೆ ಮಳೆ, ಕೆಳಗೆ ಅಧಿಕಾರಿಗಳ ವರ್ಗಾವಣೆಯ ತಾರೀಕು ಗುರುತು ಹಾಕಿ. ತಿಂಗಳಿಗೆ ನಾಲ್ಕಿದ್ದದ್ದು ಎಂಟಾದರೆ “ಶೇ 100 ಏರಿಕೆ” ಎನ್ನಬೇಡಿ, ನಾಲ್ಕು ಕೇಸು ಹೆಚ್ಚಾಯಿತು ಎನ್ನಿ.

ಕೇಸಿನ ಹೊರಗಿನ ಅಳತೆ ಒಂದಾದರೂ ಬೇಕು, ಇಲ್ಲದಿದ್ದರೆ ಮರ್ಟನ್‌ಗೆ ಅನ್ಯಾಯ. ಸಂತೆಯ ದಿನ ಎರಡು ಊರಿನಲ್ಲಿ 30 ಜನರನ್ನು ಹೆಸರು ಕೇಳದೆ ಮಾತಾಡಿಸಿ. “ನೀವು ಆಡುತ್ತೀರಾ?” ಎಂದರೆ ಬಾಯಿ ಮುಚ್ಚುತ್ತಾರೆ. “ಈ ಕಡೆ ಜನ ಯಾವ ತಿಂಗಳು ಹೆಚ್ಚು ಹಚ್ಚುತ್ತಾರೆ, ಯಾಕೆ?” ಎಂದು ಕೇಳಿ. ಸೈಕ್ಸ್ ಮತ್ತು ಮಾಟ್ಜಾ 1957ರಲ್ಲಿ ಗುರುತಿಸಿದ ಐದು ಸಮರ್ಥನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ: ನನ್ನ ಕೈಲಿರಲಿಲ್ಲ, ಯಾರಿಗೂ ನಷ್ಟವಿಲ್ಲ, ಅವನಿಗೆ ಆಗಬೇಕಾದ್ದೇ, ಹೇಳುವವರೇನು ಸಾಚಾನಾ, ನಮ್ಮವರಿಗಾಗಿ ಮಾಡಿದೆ. ಜನರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಂಡು ರಾತ್ರಿ ಕೂತು ವಿಂಗಡಿಸಿ, ಎದುರಿಗೇ ಗುರುತು ಹಾಕಬೇಡಿ. ಐದರಲ್ಲಿ ಯಾವುದಕ್ಕೂ ಸೇರದ ಮಾತು ಬಂದರೆ ಬಲವಂತವಾಗಿ ತುರುಕಬೇಡಿ, ಆರನೆಯ ಕಾಲಂ ಮಾಡಿ.

ಪುಟದ ಹಂಚಿಕೆ: ಸಿದ್ಧಾಂತಕ್ಕೆ 12 ಮೀರದಿರಲಿ, ವಿಧಾನಕ್ಕೆ 8, ಎಫ್‌ಐಆರ್ ವಿಶ್ಲೇಷಣೆಗೆ 20, ಸಂದರ್ಶನಕ್ಕೆ 10, ಶಿಕ್ಷೆಗೆ 10. ಮಾಹಿತಿ ಹಕ್ಕು ಅರ್ಜಿ ಈ ಸೋಮವಾರವೇ ಹಾಕಿ. ಕೋಷ್ಟಕದ ಮೊದಲ ಹತ್ತು ಸಾಲು ತುಂಬಿದ ಮೇಲೆ ಹೆಸರು ತೆಗೆದು ಇಲ್ಲಿ ಹಾಕಿ, ಕಾಲಂಗಳು ಸರಿ ಇವೆಯೇ ನೋಡಿ ಹೇಳೋಣ.